ದಡ ಸೇರಿದ ತೋಪುಗಳ ಲೆಕ್ಕ

ಸಮುದ್ರ ದಾಟಿ ಹೋಗುವ ಸೈನ್ಯದಲ್ಲಿ ಫಿರಂಗಿ ದಳದವರ ಕಷ್ಟವೇ ಬೇರೆ. ತೋಪು ಹಡಗಿನಿಂದ ದೋಣಿಗಿಳಿಯಬೇಕು, ದೋಣಿಯಿಂದ ಮರಳಿಗೆ, ಅಲ್ಲಿಂದ ಕಾಡಿಗೆ. ಈ ವಿದ್ಯೆಯನ್ನು ಅರೆದು ಕುಡಿದವರು ಅಮೆರಿಕದ ಮೆರೀನ್ ಕೋರ್‌ನ ಪೆಡ್ರೊ ಡೆಲ್ ವಾಯೆ.

ಹುಟ್ಟಿದ್ದು 1893ರಲ್ಲಿ, ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ. ಆಗ ಅದು ಸ್ಪೇನಿನ ವಸಾಹತು. 1915ರಲ್ಲಿ ನೌಕಾ ಅಕಾಡೆಮಿ ಮುಗಿಸಿ, ಹೈಟಿ, ನಿಕರಾಗುವಾಗಳಲ್ಲಿ ಸೇವೆ ಸಲ್ಲಿಸಿದರು. ನಡುವೆ, 1931ರಲ್ಲಿ, ಕ್ವಾಂಟಿಕೊದಲ್ಲಿ ದಡಕ್ಕಿಳಿದು ದಾಳಿ ಮಾಡುವ ಬಗೆಯನ್ನು ಪಠ್ಯವಾಗಿ ಬರೆಯುವ ಮಂಡಳಿಗೆ ಸೇರಿದರು. ಪದಕಗಳಿಗಿಂತ ಆ ಮೇಜಿನ ಕೆಲಸವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಅದರ ಪರೀಕ್ಷೆ ನಡೆದದ್ದು 1942ರ ಆಗಸ್ಟ್‌ನಲ್ಲಿ, ಜಪಾನ್ ವಿರುದ್ಧದ ಯುದ್ಧದಲ್ಲಿ, ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪದಲ್ಲಿ. ಡೆಲ್ ವಾಯೆ ಆಗ 11ನೇ ಮೆರೀನ್ ಫಿರಂಗಿ ರೆಜಿಮೆಂಟಿನ ಕರ್ನಲ್. ಹಡಗುಗಳಲ್ಲಿ ಜಾಗ ಸಾಲದೆ 155 ಮಿ.ಮೀ. ಹೊವಿಟ್ಜರ್‌ಗಳು ಹಿಂದೆಯೇ ಉಳಿದಿದ್ದವು. ಕೈಯಲ್ಲಿದ್ದದ್ದು ಬಿಡಿಭಾಗವಾಗಿ ಕಳಚಿ ಸಾಗಿಸಬಹುದಾದ 75ರ ಸಣ್ಣ ತೋಪುಗಳು ಮತ್ತು 105ರವು. ಅವನ್ನು ಅವರು ದಡದುದ್ದಕ್ಕೂ ಹಂಚಲಿಲ್ಲ. ವಿಮಾನ ನಿಲ್ದಾಣದ ಸುತ್ತಲಿನ ಕಾವಲಿನ ನಡುಭಾಗದಲ್ಲಿಟ್ಟರು. ಶತ್ರು ಯಾವ ದಿಕ್ಕಿನಿಂದ ನುಗ್ಗಿದರೂ ಬಾಯಿ ಅತ್ತ ತಿರುಗಬೇಕು. ಸೆಪ್ಟೆಂಬರ್ ಮಧ್ಯದಲ್ಲಿ ಜಪಾನಿನ ಸೇನಾಧಿಕಾರಿ ಕವಾಗುಚಿಯ ಪಡೆ ದಕ್ಷಿಣದ ದಿಬ್ಬಕ್ಕೆ ರಾತ್ರಿ ಮುಗಿಬಿದ್ದಾಗ 105ರ ತೋಪುಗಳು 1,992 ಗುಂಡು ಹಾರಿಸಿದವು. ಕೆಲವು ಬಿದ್ದದ್ದು ಒಂದೂವರೆ ಕಿಲೋಮೀಟರ್‌ಗಿಂತ ಕಡಿಮೆ ದೂರದಲ್ಲಿ, ತಮ್ಮದೇ ಕಾಲಾಳುಗಳ ಮುಂದೆಯೇ. ಕತ್ತಲಲ್ಲಿ, ಫೋನಿನಲ್ಲಿ ಬಂದ ಮಾತು ಕೇಳಿ, ಅಷ್ಟು ಹತ್ತಿರ ಗುಂಡಿಡುವ ಧೈರ್ಯ ವರ್ಷಗಟ್ಟಲೆ ಅಭ್ಯಾಸದಿಂದಷ್ಟೇ ಬರುತ್ತದೆ. ದಿಬ್ಬ ಕೈತಪ್ಪಲಿಲ್ಲ.

ಅಕ್ಟೋಬರ್‌ನಲ್ಲಿ ಜಪಾನಿನ 150 ಮಿ.ಮೀ. ತೋಪುಗಳು ದೂರದಿಂದ ಓಡುದಾರಿಗೆ ಗುಂಡಿಕ್ಕಿದಾಗ ಇವರ ಗುಂಡು ಅಲ್ಲಿಗೆ ಮುಟ್ಟಲಿಲ್ಲ. ಬಿಟ್ಟುಬಂದ 155ರ ಬೆಲೆ ಎಷ್ಟೆಂದು ಆಗ ತಿಳಿಯಿತು. ಸರಿಸಮ ತೋಪು ಬರಲು ನವೆಂಬರ್ ಬೇಕಾಯಿತು.

1944ರಲ್ಲಿ ಗ್ವಾಮ್‌ನಲ್ಲಿ ಇಳಿದ ಪಡೆಯ ಕೋರ್ ಮಟ್ಟದ ಫಿರಂಗಿ ಬಲ, 1945ರಲ್ಲಿ ಒಕಿನಾವಾದಲ್ಲಿ 1ನೇ ಮೆರೀನ್ ಡಿವಿಜನ್ ಅವರ ಕೈಯಲ್ಲಿತ್ತು. ನಿವೃತ್ತರಾದದ್ದು ಲೆಫ್ಟಿನೆಂಟ್ ಜನರಲ್ ಆಗಿ, 1948ರಲ್ಲಿ. ಆಮೇಲೆ ಯಹೂದಿ ದ್ವೇಷದ ರಾಜಕೀಯಕ್ಕೆ ಇಳಿದರು. ಅದನ್ನು ಮರೆಮಾಚಿ ಹೊಗಳುವ ಬರಹಗಳನ್ನು ನಾನು ಒಪ್ಪುವುದಿಲ್ಲ. ತೋಪಿನ ಕೆಲಸಕ್ಕೆ ಪೂರ್ಣ ಮನ್ನಣೆ ಸಲ್ಲಬೇಕು, ಆ ದ್ವೇಷಕ್ಕೆ ಕಿಂಚಿತ್ತೂ ಸಲ್ಲಬಾರದು. ಅವರ ಬಗ್ಗೆ ಓದಲು ಮನಸ್ಸಿದ್ದರೆ ಒಕಿನಾವಾವನ್ನು ಆಮೇಲೆ ನೋಡಿ. ಗ್ವಾಡಲ್‌ಕನಾಲ್‌ನ ನಕ್ಷೆಯನ್ನು ಮುಂದಿಟ್ಟುಕೊಂಡು ಆರಂಭಿಸಿ.