ಮಿಶ್ರ ಪ್ರಸಾರದ ಪರಂಪರೆ ಮತ್ತು ಕಲಬುರಗಿ ಆಕಾಶವಾಣಿ

ಬೆಳಿಗ್ಗೆ ಭಕ್ತಿಗೀತೆ, ಚಿಂತನ, ವಾರ್ತೆ. ಮಧ್ಯಾಹ್ನ ಮಹಿಳೆಯರಿಗೊಂದು ಕಾರ್ಯಕ್ರಮ, ಚಿತ್ರಗೀತೆ. ಸಂಜೆ ರೈತರಿಗೆ ಸಲಹೆ, ಪ್ರದೇಶ ಸಮಾಚಾರ. ರಾತ್ರಿ ನಾಟಕವೋ ಹಿಂದೂಸ್ತಾನಿ ಗಾಯನವೋ. ಆಕಾಶವಾಣಿಯ ಪ್ರಾದೇಶಿಕ ಕೇಂದ್ರಗಳ ದಿನ ಬಹುಕಾಲ ಹೀಗೇ ಸಾಗಿತು. ಇದನ್ನು ಕಲಸುಮೇಲೋಗರವೆಂದು ತಳ್ಳಿಹಾಕುವವರು ಇದರ ಹಿಂದಿನ ವಿಚಾರವನ್ನು ಗಮನಿಸಿಲ್ಲ. 1920ರ ದಶಕದಲ್ಲಿ ಬಿಬಿಸಿಯನ್ನು ಕಟ್ಟಿದ ಜಾನ್ ರೀತ್, ಕೇಳುಗರು ಬಯಸಿದ್ದನ್ನಷ್ಟೇ ಕೊಟ್ಟರೆ ಸಾಲದು, ಅವರಿಗೆ ಪರಿಚಯವಿಲ್ಲದ್ದೂ ಕಿವಿಗೆ ಬೀಳಬೇಕು ಎಂದು ನಂಬಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬಿಬಿಸಿಯೇ ಈ ನಂಬಿಕೆಯನ್ನು ಸಡಿಲಿಸಿತು. 1945ರ ಜುಲೈನಲ್ಲಿ ಹಗುರ ಮನರಂಜನೆಗೆ ಲೈಟ್ ಪ್ರೋಗ್ರಾಂ, 1946ರ ಸೆಪ್ಟೆಂಬರ್‌ನಲ್ಲಿ ಗಂಭೀರ ಸಂಗೀತ, ಸಾಹಿತ್ಯಗಳಿಗೆ ಥರ್ಡ್ ಪ್ರೋಗ್ರಾಂ ಶುರುವಾದವು. ನಡುವೆ ಹೋಮ್ ಸರ್ವಿಸ್ ಇತ್ತು. ಕೇಳುಗರು ಹಗುರದಿಂದ ಗಂಭೀರದತ್ತ ಮೆಲ್ಲಗೆ ಏರುತ್ತಾರೆಂಬುದು ಅಂದಿನ ಮುಖ್ಯಸ್ಥ ವಿಲಿಯಂ ಹೇಲಿಯವರ ಆಸೆ. ಬಹುಪಾಲು ಜನ ನಿಂತ ಮೆಟ್ಟಿಲಲ್ಲೇ ಉಳಿದರು. ನಮ್ಮಲ್ಲಿ 1957ರಲ್ಲಿ ಹಗುರ ಮನರಂಜನೆಗೆಂದೇ ವಿವಿಧ ಭಾರತಿ ಬಂದ ಮೇಲೂ ಪ್ರಾದೇಶಿಕ ಕೇಂದ್ರಗಳು ಹಳೆಯ ಮಿಶ್ರಣವನ್ನು ಬಿಡಲಿಲ್ಲ. ಆ ಮಿಶ್ರಣ ಲಂಡನ್ನಿಗಿಂತ ಕಲಬುರಗಿಗೆ ಹೆಚ್ಚು ಅಗತ್ಯವಾಗಿತ್ತು, ಇಂದಿಗೂ ಅಗತ್ಯವಿದೆ ಎಂಬುದು ನನ್ನ ವಾದ.

ಕಾರಣ ಈ ನೆಲದ ಚರಿತ್ರೆಯಲ್ಲೇ ಇದೆ. ಕಲಬುರಗಿ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಶಾಲೆ, ಕಚೇರಿಗಳಂತೆ ಹೈದರಾಬಾದಿನ ಡೆಕ್ಕನ್ ರೇಡಿಯೋದಲ್ಲೂ ಉರ್ದುವಿಗೇ ಅಗ್ರಸ್ಥಾನ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಷ್ಟು ಹಿಂದೆಯೇ ಸ್ವಂತ ಮುತುವರ್ಜಿಯಿಂದ ಬಾನುಲಿ ಶುರುಮಾಡಿದ್ದರು. ಧಾರವಾಡಕ್ಕೆ 1950ರಲ್ಲಿ, ಬೆಂಗಳೂರಿಗೆ 1955ರಲ್ಲಿ ಆಕಾಶವಾಣಿ ಬಂತು. ಕಲಬುರಗಿಯಾದರೋ 1956ರಲ್ಲಿ ಕನ್ನಡ ರಾಜ್ಯಕ್ಕೆ ಸೇರಿದ ಮೇಲೂ 1966ರವರೆಗೆ ಕಾಯಬೇಕಾಯಿತು. ಆ ಹೊತ್ತಿಗೆ ಇಲ್ಲಿನ ಕೇಳುಗರು ಒಂದೇ ಬಗೆಯವರಾಗಿರಲಿಲ್ಲ: ಉರ್ದುವಿನಲ್ಲಿ ಓದಿದ ಹಿರಿಯರು, ಕನ್ನಡ ಶಾಲೆಗೆ ಹೊರಟ ಅವರ ಮೊಮ್ಮಕ್ಕಳು, ತಾಂಡಾಗಳ ಲಂಬಾಣಿಗರು, ಗಡಿಯಂಚಿನ ಮರಾಠಿ, ತೆಲುಗು ಮಾತಿನವರು. ಇಂಥಲ್ಲಿ ಒಂದೊಂದು ರುಚಿಗೆ ಒಂದೊಂದು ವಾಹಿನಿ ಮಾಡಿದ್ದರೆ ಮೊದಲೇ ಇದ್ದ ಗೋಡೆಗಳು ಇನ್ನಷ್ಟು ಗಟ್ಟಿಯಾಗುತ್ತಿದ್ದವು. ಕಡಕೋಳ ಮಡಿವಾಳಪ್ಪನವರ ತತ್ವಪದ ಮತ್ತು ಉರ್ದು ಕಾರ್ಯಕ್ರಮ ಮಧ್ಯಮ ತರಂಗದ ಅದೇ 1107 ಕಿಲೋಹರ್ಟ್ಸ್‌ನಲ್ಲಿ ಕೇಳಿಬಂದಾಗ, ಒಂದಕ್ಕಾಗಿ ಕಾದವರ ಕಿವಿಗೆ ಇನ್ನೊಂದೂ ಬೀಳುತ್ತದೆ.

ಈ ಪರಂಪರೆಯ ನಿಜವಾದ ಕಸುವು ಸಂಜೆಯ ರೈತರ ಕಾರ್ಯಕ್ರಮದಲ್ಲಿದೆ. ಬಿಬಿಸಿ ಕೂಡ 1951ರಿಂದ ‘ದಿ ಆರ್ಚರ್ಸ್’ ಧಾರಾವಾಹಿಯ ಮೂಲಕ ಕೃಷಿ ಇಲಾಖೆಯ ತಿಳಿವಳಿಕೆಯನ್ನು ಕಥೆಯೊಳಗೆ ಬೆರೆಸಿ ಹಳ್ಳಿಗೆ ಮುಟ್ಟಿಸಿತು. ಪಟ್ಟಣದವರೂ ಅದನ್ನು ಬಿಡದೆ ಕೇಳಿದರು. ಕಲಬುರಗಿಯ ತೊಗರಿ ಹೊಲವನ್ನೇ ನೋಡೋಣ. ಹೂ, ಕಾಯಿ ಹಿಡಿಯುವ ಹೊತ್ತಿಗೆ ಕಾಯಿಕೊರಕ ಬಿದ್ದರೆ ಕೆಲವೇ ದಿನಗಳಲ್ಲಿ ಬೆಳೆ ಕೈಬಿಟ್ಟು ಹೋಗುತ್ತದೆ. ಸಾಲಿನ ನಡುವೆ ತಾಡಪತ್ರಿ ಹಾಸಿ, ಗಿಡ ಅಲುಗಾಡಿಸಿ, ಉದುರಿದ ಹುಳು ಬಳಿದು ನಾಶಮಾಡುವ ಪದ್ಧತಿ ಈ ಭಾಗದ ರೈತರಿಗೆ ಗೊತ್ತು. ಅದನ್ನು ಯಾವ ವಾರ ಮಾಡಬೇಕು, ನೆಟೆ ರೋಗಕ್ಕೂ ಗೊಡ್ಡು ರೋಗಕ್ಕೂ ವ್ಯತ್ಯಾಸ ಹೇಗೆ ತಿಳಿಯಬೇಕು ಎಂಬುದನ್ನು ಇಲ್ಲಿನ ಮಳೆ ಕಂಡವರೇ ಹೇಳಬೇಕು. ಇದೇ ಜಿಲ್ಲೆಯ ಕಮಲಾಪುರದ ಮಾತೂ ಅಷ್ಟೇ. ಭೌಗೋಳಿಕ ಸೂಚಿಕೆ ಪಡೆದ ಅಲ್ಲಿನ ಕೆಂಪು ಬಾಳೆ ಬೇರೆ ತಳಿಗಳಿಗಿಂತ ಹೆಚ್ಚು ಕಾಲ ಹೊಲದಲ್ಲಿರುವ ಬೆಳೆ. ಇಡೀ ರಾಜ್ಯಕ್ಕೆಂದು ಬೆಂಗಳೂರಿನಲ್ಲಿ ತಯಾರಾದ ಬಾಳೆ ಪಾಠದಲ್ಲಿ ಅದಕ್ಕೆ ಸಿಗುವುದು ಹೆಚ್ಚೆಂದರೆ ಒಂದು ವಾಕ್ಯ.

ಆಕ್ಷೇಪಗಳಿವೆ. ಆಕಾಶವಾಣಿ ಸರ್ಕಾರದ ತುತ್ತೂರಿಯಾಗಿತ್ತು ಎಂಬುದು ಮೊದಲನೆಯದು. ವಾರ್ತೆಯ ಮಟ್ಟಿಗೆ ಇದನ್ನು ಒಪ್ಪಲೇಬೇಕು. 1975ರ ತುರ್ತು ಪರಿಸ್ಥಿತಿಯಲ್ಲಿ ಅದು ಬಯಲಾಯಿತು. ಆದರೆ ಆ ದೋಷ ಒಡೆತನದ್ದು, ಮಿಶ್ರ ಪ್ರಸಾರದ್ದಲ್ಲ. ಎರಡನೆಯದು ಹೆಚ್ಚು ತೂಕದ್ದು: ಬೇಡದ್ದನ್ನು ಹೇರಿದರೆ ಜನ ಕೇಂದ್ರವನ್ನೇ ಬದಲಿಸುತ್ತಾರೆ. 1952ರಿಂದ ಪ್ರಸಾರ ಖಾತೆಯ ಸಚಿವ ಬಿ.ವಿ. ಕೇಸ್ಕರ್ ಚಿತ್ರಗೀತೆಗಳನ್ನು ದೂರವಿಟ್ಟಾಗ ದೇಶವೇ ರೇಡಿಯೋ ಸಿಲೋನ್ ಕಡೆ ಕಿವಿ ತಿರುಗಿಸಿತು. ಇಲ್ಲಿ ಕೇಸ್ಕರ್ ಎಡವಿದ್ದು ಮಿಶ್ರಣದಿಂದ ಜನಪ್ರಿಯವಾದದ್ದನ್ನು ಹೊರಗೆ ಹಾಕಿದ್ದರಲ್ಲಿ. ಚಿತ್ರಗೀತೆ ಇದ್ದರೆ ತಾನೆ ಅದರ ಮುಂದಿನ ರೂಪಕಕ್ಕೂ ಕೇಳುಗರು ಉಳಿಯುವುದು? ಎಲ್ಲವೂ ಮೊಬೈಲಿನಲ್ಲಿದೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು ಎಂಬುದು ಇಂದಿನವರ ಮಾತು. ಆಯ್ಕೆ ಒಳ್ಳೆಯದೇ. ಆದರೆ ಹೆಸರೇ ಗೊತ್ತಿಲ್ಲದ್ದನ್ನು ಯಾರೂ ಹುಡುಕಲಾರರು, ಮೊಬೈಲೂ ನಿನ್ನೆ ಕೇಳಿದ್ದರಂಥದ್ದನ್ನೇ ಇವತ್ತೂ ಮುಂದಿಡುತ್ತದೆ.

ನನ್ನ ತಕರಾರು ಬೇರೆಯದು. ಇಷ್ಟೆಲ್ಲ ಬಗೆಗಳನ್ನು ಕೂಡಿಸಿದ ಈ ಪರಂಪರೆ ಮಾತಿನ ವಿಷಯದಲ್ಲಿ ಮಾತ್ರ ಮೇಲು ಕೀಳು ಮಾಡಿತು. ವಾರ್ತೆ, ಚಿಂತನ, ಸಾಹಿತ್ಯ ಭಾಷಣಗಳಿಗೆ ಪುಸ್ತಕದ ಕನ್ನಡ; ‘ಮಾಡ್ಲಾಕತ್ತೀವಿ’, ‘ಹೊಂಟೀವಿ’ ಎನ್ನುವ ಕನ್ನಡಕ್ಕೆ ಬೇಸಾಯದ ಮಾತುಕತೆ, ನಗೆನಾಟಕ, ಜಾನಪದಗಳಷ್ಟೇ ಜಾಗ. ಹೊಲದ ಮಾತಿಗೆ ಯೋಗ್ಯವಾದ ಭಾಷೆ ವಿಚಾರಕ್ಕೆ ಯೋಗ್ಯವಲ್ಲ ಎಂಬ ಪಾಠವನ್ನು ಒಂದು ತಲೆಮಾರು ಹೀಗೆ ಕೇಳಿಸಿಕೊಂಡಿತು. ಬೆಂಗಳೂರಿನ ಕಾರ್ಯಕ್ರಮವನ್ನೇ ಎಲ್ಲ ಕೇಂದ್ರಗಳಿಂದ ಹರಿಸಿದರೆ ಈ ಕೊರತೆ ಇನ್ನೂ ಹೆಚ್ಚುತ್ತದೆ, ಕಲಬುರಗಿ ಕೇಂದ್ರ ಬರಿಯ ಮರುಪ್ರಸಾರದ ಕಂಬವಾಗುತ್ತದೆ. ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿ ಇಲ್ಲಿನ ಬೆಳಗು, ಸಂಜೆಗಳ ಸ್ವಂತ ಪ್ರಸಾರವನ್ನು ಉಳಿಸಿಕೊಡಲಿ, ಖಾಲಿ ಹುದ್ದೆಗಳಿಗೆ ಈ ಜಿಲ್ಲೆಗಳ ಮಾತು ಬಲ್ಲವರನ್ನು ತುಂಬಲಿ, ಚಿಂತನವನ್ನೂ ಇಲ್ಲಿನ ಕನ್ನಡದಲ್ಲೇ ಆಡಲು ಬಿಡಲಿ. ಕೇಳುಗರು ಇದನ್ನು ಕೇಂದ್ರಕ್ಕೆ ಪತ್ರ ಬರೆದು ಒತ್ತಾಯಿಸಬೇಕು.