166 ಕೇಳುಗರ ಗಾಯಕಿ

ಹೆಸರು ಬದಲಿಸಿಕೊಂಡ ಸಂಗೀತಗಾರರ ಮಾತು ಬಂದಾಗಲೆಲ್ಲ ಅಮೆರಿಕದ ಲೇಡಿ ಆಂಟಿಬೆಲಮ್ ಬ್ಯಾಂಡನ್ನು ಮಾದರಿಯಾಗಿ ತೋರಿಸುವವರು ಇನ್ನೂ ಇದ್ದಾರೆ. ಪೊಲೀಸರ ಕೈಯಲ್ಲಿ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾಗಿ ಮೂರು ವಾರ ತುಂಬುವ ಮೊದಲೇ, 2020ರ ಜೂನ್ 11ರಂದು, ಗುಲಾಮಗಿರಿಯ ಕಾಲವನ್ನು ನೆನಪಿಸುವ ಪದವನ್ನು ತಮ್ಮ ಹೆಸರಿನಿಂದ ಕಿತ್ತುಹಾಕಿ ಈ ಮೂವರು ‘ಲೇಡಿ ಎ’ ಆದರು. ನ್ಯಾಶ್‌ವಿಲ್‌ನ ಕಂಟ್ರಿ ಸಂಗೀತದ ವಲಯದಲ್ಲಿ, ಹಲವು ಗ್ರ್ಯಾಮಿಗಳನ್ನು ತಂದುಕೊಟ್ಟ ಹೆಸರನ್ನು ಕೈಬಿಡುವುದು ಸಣ್ಣ ಮಾತಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಈ ಹೆಸರು ಬದಲಾವಣೆಗೆ ಸಂದ ಗೌರವಕ್ಕೆ ಅದು ಅರ್ಹವಲ್ಲ. ಅದನ್ನು ಹೊಗಳಿದವರು ಮೊದಲ ಪುಟ ಓದಿ ಪುಸ್ತಕ ಮುಚ್ಚಿದ್ದಾರೆ.

ಮುಂದಿನ ಕಥೆ ಗೊತ್ತಿರುವಂಥದ್ದೇ. ಸಿಯಾಟಲ್‌ನಲ್ಲಿ ಅನಿತಾ ವೈಟ್ ಎಂಬ ಕಪ್ಪು ಬ್ಲೂಸ್ ಗಾಯಕಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಲೇಡಿ ಎ ಹೆಸರಿನಲ್ಲೇ ಹಾಡುತ್ತಿದ್ದರು, ಅದೇ ಹೆಸರಿನಲ್ಲಿ ಆಲ್ಬಂಗಳನ್ನು ತಂದಿದ್ದರು. ಬ್ಯಾಂಡಿನವರು ತಮಗೆ ಇದು ತಿಳಿದಿರಲಿಲ್ಲ ಎಂದರು. ಕೆಲವೇ ದಿನಗಳಲ್ಲಿ ಜೂಮ್‌ನಲ್ಲಿ ಮಾತುಕತೆ ನಡೆದು, ಎಲ್ಲರೂ ನಗುತ್ತಿರುವ ಪರದೆಯ ಚಿತ್ರ ಇನ್‌ಸ್ಟಾಗ್ರಾಂಗೆ ಬಂತು. ಮಾತುಕತೆ ಮುರಿಯಿತು. ಜುಲೈ 8ರಂದು ಬ್ಯಾಂಡಿನವರೇ ನ್ಯಾಶ್‌ವಿಲ್‌ನ ಫೆಡರಲ್ ಕೋರ್ಟಿನಲ್ಲಿ ಗಾಯಕಿಯ ಮೇಲೆ ದಾವೆ ಹೂಡಿದರು. ಹೆಸರು ಬದಲಿಸಿದ ಜೂನ್ ಹೇಳಿಕೆಗೂ ದಾವೆಗೂ ನಡುವೆ ಒಂದು ತಿಂಗಳೂ ಕಳೆದಿರಲಿಲ್ಲ.

ಆ ಎರಡು ಬರಹಗಳನ್ನು ಒಂದರ ಪಕ್ಕ ಒಂದಿಟ್ಟು ಓದಬೇಕು. ಜೂನ್ ಹೇಳಿಕೆಯಲ್ಲಿ ತಮ್ಮನ್ನು ರೂಪಿಸಿದ ದಕ್ಷಿಣದ ಸಂಗೀತವನ್ನು ನೆನೆಯುವಾಗ ಬ್ಯಾಂಡಿನವರು ಬ್ಲೂಸ್ ಅನ್ನೂ ಗಾಸ್ಪೆಲ್ ಅನ್ನೂ ಹೆಸರಿಸುತ್ತಾರೆ. ಕಪ್ಪು ಜನರು ಅನುಭವಿಸುತ್ತ ಬಂದ ಅನ್ಯಾಯಕ್ಕೆ ತಮ್ಮ ಕಣ್ಣು ತೆರೆಯಿತು, ಇದುವರೆಗೆ ತಮಗೆ ಕಾಣದೇ ಇದ್ದದ್ದು ಈಗ ಕಾಣಿಸಿತು ಎಂಬರ್ಥದ ಮಾತೂ ಅಲ್ಲಿದೆ. ಅಭಿಮಾನಿಗಳು ಮೊದಲಿನಿಂದಲೂ ತಮ್ಮನ್ನು ಲೇಡಿ ಎ ಎಂದು ಕರೆಯುತ್ತಿದ್ದರು ಎಂಬುದೇ ಹೊಸ ಹೆಸರಿಗೆ ಕೊಟ್ಟ ಕಾರಣ. ಬ್ಲೂಸ್‌ಗೆ ಕೃತಜ್ಞತೆ ಹೇಳುವ ಅದೇ ಕಾಗದದಲ್ಲಿ, ಬ್ಲೂಸ್ ಹಾಡುವ ಕಪ್ಪು ಹೆಂಗಸೊಬ್ಬರ ಹೆಸರನ್ನು ಆಕೆಯ ಗಮನಕ್ಕೂ ತಾರದೆ ತೆಗೆದುಕೊಳ್ಳಲಾಗಿತ್ತು. ಅಂದು ಅದು ಅಜ್ಞಾನವೇ ಇರಬಹುದು. ಜುಲೈ ದಾವೆಗೆ ಆ ವಿನಾಯಿತಿ ಇಲ್ಲ.

ದಾವೆಯಲ್ಲಿ ನನ್ನನ್ನು ಬಿಡದೆ ಕಾಡುವುದು ಸ್ಪಾಟಿಫೈ ಅಂಕಿಗಳನ್ನು ಹೋಲಿಸುವ ಭಾಗ. ಬ್ಯಾಂಡಿನ ಪುಟಕ್ಕೆ ತಿಂಗಳಿಗೆ 70 ಲಕ್ಷಕ್ಕೂ ಹೆಚ್ಚು ಕೇಳುಗರು. ಅನಿತಾ ವೈಟ್ ಅವರ ಪುಟಕ್ಕೆ 166. ವಕೀಲರ ಉದ್ದೇಶ ಅರ್ಥವಾಗುತ್ತದೆ. ಎರಡು ಲೇಡಿ ಎಗಳು ಇಷ್ಟು ವರ್ಷ ಅಕ್ಕಪಕ್ಕದಲ್ಲೇ ಇದ್ದವು, ಯಾರೂ ಒಬ್ಬರನ್ನು ಇನ್ನೊಬ್ಬರೆಂದು ತಿಳಿಯಲಿಲ್ಲ, ಆದ್ದರಿಂದ ತಂಟೆಯೇ ಇಲ್ಲ ಎಂದು ಕೋರ್ಟಿಗೆ ತೋರಿಸಬೇಕಿತ್ತು. ಆದರೆ ಈ ಅಂಕಿ ಏನನ್ನು ಅಳೆಯುತ್ತದೆ? ಕಳೆದ 28 ದಿನಗಳಲ್ಲಿ ಒಂದು ಸ್ಟ್ರೀಮಿಂಗ್ ಕಂಪನಿಯ ಮೂಲಕ ಕೇಳಿದ ಖಾತೆಗಳನ್ನು. ಕ್ಲಬ್ಬಿನಲ್ಲಿ ಕುಳಿತು ಕೇಳಿದವರು, ಬ್ಲೂಸ್ ಉತ್ಸವಕ್ಕೆ ಬಂದವರು, ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಬಳಿ ಸಿ.ಡಿ. ಕೊಂಡು ಹೋದವರು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಊರಿನ ಗಾಯಕಿಯ ಬದುಕು ನಡೆಯುವುದೇ ಅಂಥ ಜಾಗಗಳಲ್ಲಿ. ಅಂಕಿ ಸುಳ್ಳಲ್ಲ, ಅಳತೆಗೋಲು ಆಕೆಯದಲ್ಲ.

ಇನ್ನೂ ಗಂಭೀರ ವಿಷಯ ಇದರಾಚೆ ಇದೆ. ಈ ಹೋಲಿಕೆಯನ್ನು ತಿರುಗಿಸಿ ಓದಿದರೆ ಅದು ಬ್ಯಾಂಡಿನ ವಿರುದ್ಧದ ಸಾಕ್ಷ್ಯವಾಗುತ್ತದೆ. 70 ಲಕ್ಷ ಜನ ಲೇಡಿ ಎ ಎಂದು ಹುಡುಕಲು ಶುರುಮಾಡಿದ ದಿನ 166 ಜನರ ಗಾಯಕಿ ಆ ಹುಡುಕಾಟದ ತಳಕ್ಕೆ ಇಳಿಯುತ್ತಾರೆ. ಹೊಸ ಹಾಡು ಬಿಡುಗಡೆ ಮಾಡಿದರೂ ಕೇಳುಗನಿಗೆ ಮೊದಲು ಸಿಗುವುದು ಬ್ಯಾಂಡು. ಸಿಯಾಟಲ್‌ನಲ್ಲಿ ಆಕೆ ಸೆಪ್ಟೆಂಬರ್‌ನಲ್ಲಿ ಹೂಡಿದ ಪ್ರತಿದಾವೆಯ ತಿರುಳೂ ಇದೇ: ಬ್ಯಾಂಡಿನ ಹೆಸರಿನಡಿ ತನ್ನ ಹೆಸರು ಹೂತುಹೋಯಿತು. ಅಮೆರಿಕದ ಟ್ರೇಡ್‌ಮಾರ್ಕ್ ನ್ಯಾಯಕ್ಕೆ ಈ ಬಗೆಯ ಹಾನಿ ಹೊಸದಲ್ಲ. ಚಿಕ್ಕವನು ದೊಡ್ಡವನ ಹೆಸರಿನ ಲಾಭ ಪಡೆಯುವುದು ಸಾಮಾನ್ಯ ಬಗೆ. ದೊಡ್ಡವನು ತಡವಾಗಿ ಬಂದು ಚಿಕ್ಕವನನ್ನು ಮುಳುಗಿಸಿ, ಮೊದಲಿನಿಂದ ಇದ್ದವನೇ ನಕಲಿಯಂತೆ ಕಾಣುವ ಹಾಗೆ ಮಾಡುವುದು ಇದರ ತಿರುವುಮುರುವು. ಬಿಗ್ ಓ ಎಂಬ ಟೈರ್ ವ್ಯಾಪಾರಿಗಳು ಗುಡ್‌ಇಯರ್ ಕಂಪನಿಯ ವಿರುದ್ಧ 1977ರಲ್ಲಿ ಗೆದ್ದದ್ದು ಇದೇ ವಾದದ ಮೇಲೆ. ಅಂಥ ಮೊಕದ್ದಮೆಯಲ್ಲಿ ಎರಡು ಪಕ್ಷಗಳ ಗಾತ್ರದ ಅಂತರ ದೊಡ್ಡವನ ರಕ್ಷಣೆಗೆ ಬರುವುದಿಲ್ಲ, ಅದೇ ಹಾನಿಯ ಕಾರಣ. ಬ್ಯಾಂಡಿನ ವಕೀಲರು ತಮ್ಮ ಬಲವೆಂದು ಮುಂದಿಟ್ಟ ಅಂಕಿಯಲ್ಲಿ ಗಾಯಕಿಯ ನಷ್ಟದ ಅಂದಾಜು ಇತ್ತು.

ಇಲ್ಲಿ ನನ್ನ ತಕರಾರು ಬ್ಯಾಂಡಿಗಿಂತ ಕೆಲವು ವಿಮರ್ಶಕರೊಂದಿಗೆ ಹೆಚ್ಚು. ಒಂದು ವಾದ ಮತ್ತೆ ಮತ್ತೆ ಕೇಳಿಬಂತು: ನೈತಿಕವಾಗಿ ಬ್ಯಾಂಡಿನದು ತಪ್ಪಿರಬಹುದು, ಆದರೆ ಕಾನೂನು ಅವರ ಕಡೆ ಸ್ಪಷ್ಟವಾಗಿದೆ, 2010ರಲ್ಲಿ ಅರ್ಜಿ ಹಾಕಿ 2011ರಲ್ಲಿ ‘ಲೇಡಿ ಎ’ ನೋಂದಣಿ ಮಾಡಿಸಿಕೊಂಡಿದ್ದರು, ಆಗ ಆಕೆ ಆಕ್ಷೇಪಣೆ ಸಲ್ಲಿಸಲಿಲ್ಲ. ಇದನ್ನು ಬರೆದವರು ತಾವು ಸಮತೋಲನ ಕಾಯ್ದುಕೊಂಡಿದ್ದೇವೆ ಎಂದುಕೊಂಡರು. ಕಾನೂನು ಅಷ್ಟು ಸ್ಪಷ್ಟವಲ್ಲ. ಅಮೆರಿಕದಲ್ಲಿ ಹೆಸರಿನ ಹಕ್ಕು ಹುಟ್ಟುವುದು ಬಳಕೆಯಿಂದ, ನೋಂದಣಿಯಿಂದಲ್ಲ. ನೋಂದಣಿಗೆ ಐದು ವರ್ಷ ತುಂಬಿದ ಮೇಲೆ ಅದನ್ನು ಅಲ್ಲಾಡಿಸುವುದು ಕಷ್ಟ, ನಿಜ. ಆದರೂ ನೋಂದಣಿಗೂ ಮೊದಲಿನಿಂದ ಪ್ರಾಮಾಣಿಕವಾಗಿ ಹೆಸರು ಬಳಸುತ್ತಿದ್ದವರ ಹಕ್ಕು ಅವರು ಬೇರುಬಿಟ್ಟ ಪ್ರದೇಶದಲ್ಲಿ ಉಳಿಯುತ್ತದೆ ಎಂದು 1946ರ ಲ್ಯಾನ್‌ಹ್ಯಾಮ್ ಕಾಯಿದೆಯೇ ಹೇಳುತ್ತದೆ. ಆಕ್ಷೇಪಣೆಯ ಮಾತನ್ನಂತೂ ಇನ್ನಷ್ಟು ಹತ್ತಿರದಿಂದ ನೋಡಬೇಕು. ಅರ್ಜಿಯಲ್ಲಿರುವ ಗುರುತು ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟವಾಗುತ್ತದೆ, ಆಮೇಲೆ ಆಕ್ಷೇಪಣೆಗೆ 30 ದಿನ ಅವಕಾಶ. ಕಂಪನಿಗಳು ಆ ಗೆಜೆಟ್ ಮೇಲೆ ಕಣ್ಣಿಡಲೆಂದೇ ಸಂಬಳ ಕೊಟ್ಟು ಜನರನ್ನು ಇಟ್ಟುಕೊಳ್ಳುತ್ತವೆ. ಹಗಲು ನೌಕರಿ ಮಾಡಿ ರಾತ್ರಿ ಹಾಡುವ ಗಾಯಕಿ ಅದನ್ನು ವಾರವಾರ ಓದಬೇಕಿತ್ತು ಎನ್ನುವುದು ವಿಮರ್ಶೆಯ ನ್ಯಾಯವಲ್ಲ.

ಇನ್ನೊಂದು ಗುಂಪಿಗೆ ಸಿಕ್ಕ ಆಯುಧ 1 ಕೋಟಿ ಡಾಲರ್. ಹೊಸ ವಕೀಲರು ಬಂದ ಮೇಲೆ ಆಕೆ ಕೇಳಿದ ಮೊತ್ತ ಅದು, ಅದನ್ನೇ ಹಿಡಿದು ದುರಾಸೆ ಎಂದು ಬರೆದರು. ಅದರಲ್ಲಿ ಅರ್ಧ ದಾನಕ್ಕೆ, ಬ್ಲ್ಯಾಕ್ ಲೈವ್ಸ್ ಮ್ಯಾಟರ್‌ನಂಥ ಕೆಲಸಗಳಿಗೆ; ಉಳಿದರ್ಧ ಹೊಸ ಹೆಸರಿನಲ್ಲಿ ಮೊದಲಿನಿಂದ ನೆಲೆ ಕಂಡುಕೊಳ್ಳುವುದಕ್ಕೆ ಎಂದು ಆಕೆ ವಿವರಿಸಿದ್ದನ್ನು ಬಹಳ ಜನ ಅಡಿಟಿಪ್ಪಣಿಗೆ ತಳ್ಳಿದರು. ಮೊತ್ತ ಹೆಚ್ಚೆಂದು ಯಾರಾದರೂ ಹೇಳಿದರೆ ವಾದಕ್ಕಿಳಿಯುವುದಿಲ್ಲ. ಆದರೆ ಹಣದ ಮಾತು ಬರುವ ಮೊದಲೇ ಆಕೆ ಒಂದು ದಾರಿ ಸೂಚಿಸಿದ್ದರು: ನೀವು ‘ದಿ ಬ್ಯಾಂಡ್ ಲೇಡಿ ಎ’ ಆಗಿ, ನಾನು ‘ಲೇಡಿ ಎ ದಿ ಆರ್ಟಿಸ್ಟ್’ ಆಗಿರುತ್ತೇನೆ. ಅದಕ್ಕೆ ಬ್ಯಾಂಡ್ ಒಪ್ಪಲಿಲ್ಲ ಎಂಬುದು ಆಕೆಯ ಮಾತು. ಒಂದು ಪೈಸೆ ಖರ್ಚಿಲ್ಲದ ಸೂಚನೆಯನ್ನು ಒಪ್ಪದವರ ಬಗ್ಗೆ ಬರೆಯದೆ, ಹಣ ಕೇಳಿದವರ ಬಗ್ಗೆ ಮಾತ್ರ ಬರೆಯುವುದು ಪಕ್ಷಪಾತ.

ಇಂಥ ಸೂಚನೆ ಸಂಗೀತಲೋಕಕ್ಕೆ ಹೊಸದೂ ಅಲ್ಲ. ಬ್ರಿಟನ್ನಿನ ಸ್ವೇಡ್ ಬ್ಯಾಂಡ್ ಅಮೆರಿಕಕ್ಕೆ ಹೋದಾಗ ಅಲ್ಲಿ ಆ ಹೆಸರಿನ ಗಾಯಕಿ ಇದ್ದ ಕಾರಣ ‘ದಿ ಲಂಡನ್ ಸ್ವೇಡ್’ ಆಗಬೇಕಾಯಿತು. ಡಸ್ಟ್ ಬ್ರದರ್ಸ್ ಎಂದುಕೊಂಡಿದ್ದ ಇಬ್ಬರು ಲಾಸ್ ಏಂಜಲೀಸ್‌ನ ಹಳೆಯ ಡಸ್ಟ್ ಬ್ರದರ್ಸ್ ತಕರಾರು ತೆಗೆದಾಗ 1995ರಲ್ಲಿ ಕೆಮಿಕಲ್ ಬ್ರದರ್ಸ್ ಆದರು. ಅವರ ಸಂಗೀತಕ್ಕೆ ಇದರಿಂದ ಏನೂ ಕುಂದು ಬರಲಿಲ್ಲ. ಆದರೆ ಇವೆಲ್ಲ ಕಾನೂನಿನ ಒತ್ತಡದಲ್ಲಿ ಆದ ಬದಲಾವಣೆಗಳು. ನಿಜವಾದ ಹೋಲಿಕೆ ಬೇಕಾದರೆ ಅದೇ ತಿಂಗಳು, ಅದೇ ಕಾರಣಕ್ಕೆ, ಅದೇ ಕಂಟ್ರಿ ಸಂಗೀತದಿಂದ ಬಂದದ್ದನ್ನು ನೋಡಬೇಕು. ಜೂನ್ 25ರಂದು ಡಿಕ್ಸಿ ಚಿಕ್ಸ್ ‘ದಿ ಚಿಕ್ಸ್’ ಆಯಿತು. ನ್ಯೂಜಿಲೆಂಡ್‌ನಲ್ಲಿ 1960ರ ದಶಕದ ಸಹೋದರಿಯರ ಜೋಡಿಯೊಂದು ಅದೇ ಹೆಸರಿನಲ್ಲಿ ಹಾಡಿತ್ತು. ಆ ಜೋಡಿಯ ಒಪ್ಪಿಗೆ ಮೊದಲೇ ಸಿಕ್ಕಿತ್ತು, ಹೆಸರು ಹಂಚಿಕೊಂಡದ್ದಕ್ಕೆ ಘೋಷಣೆಯ ದಿನವೇ ಧನ್ಯವಾದ ಹೇಳಲಾಯಿತು. ನ್ಯೂಜಿಲೆಂಡ್ ಜೋಡಿಯ ಕಾಲ ಮುಗಿದಿತ್ತು, ಅನಿತಾ ವೈಟ್ ಇನ್ನೂ ವೇದಿಕೆಯ ಮೇಲಿದ್ದರು, ಹಾಗಾಗಿ ಎರಡೂ ಒಂದೇ ಅಲ್ಲ ಎಂದರೆ ಒಪ್ಪೋಣ. ಆ ವ್ಯತ್ಯಾಸದಿಂದ ಲೇಡಿ ಎ ಬ್ಯಾಂಡಿನ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಸಮುದ್ರದಾಚೆ ಎಂದೋ ಹಾಡಿದವರನ್ನು ಹುಡುಕಿ ಕೇಳುವುದು ಸಾಧ್ಯವಿದ್ದರೆ, ತಮ್ಮದೇ ದೇಶದಲ್ಲಿ ಈಗಲೂ ಹಾಡುತ್ತಿರುವವರನ್ನು ಹುಡುಕುವುದು ಎಷ್ಟರ ಕೆಲಸ?

ಬ್ಯಾಂಡಿನ ಪರವಾಗಿ ಇನ್ನೂ ಒಂದು ಮಾತು ಹೇಳಬೇಕು. ಅವರ ದಾವೆ ಹಣ ಕೇಳಲಿಲ್ಲ, ಆಕೆ ಹೆಸರು ಬಿಡಬೇಕೆಂದೂ ಕೇಳಲಿಲ್ಲ. ತಾವು ಬಳಸುವುದು ಕಾನೂನುಬದ್ಧ ಎಂಬ ಘೋಷಣೆಯನ್ನಷ್ಟೇ ಕೇಳಿತು. ಇದನ್ನು ಔದಾರ್ಯವೆಂದು ಓದಿದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. 70 ಲಕ್ಷದ ಪಕ್ಕದಲ್ಲಿ 166ನ್ನು ಇರಗೊಡುವುದಕ್ಕೆ 70 ಲಕ್ಷದವರು ಏನನ್ನೂ ಕಳೆದುಕೊಳ್ಳಬೇಕಿಲ್ಲ. ಸಿಯಾಟಲ್‌ನ ಗಾಯಕಿಯನ್ನು ಟೆನೆಸ್ಸಿಯ ಕೋರ್ಟಿಗೆ ಎಳೆದು, ಆಕೆಯೇ ಮೊದಲು ಬಳಸಿದ ಹೆಸರಿನ ಬಗ್ಗೆ ಅನುಮತಿಪತ್ರವನ್ನು ನ್ಯಾಯಾಧೀಶರಿಂದ ತಂದುಕೊಳ್ಳುವ ಪ್ರಯತ್ನ ಅದು. ಆಕೆಯ ಒಪ್ಪಿಗೆ ಸಿಗದೇ ಹೋದಾಗ ಅದರ ಬದಲಿಗೆ ಕೋರ್ಟಿನ ಮುದ್ರೆ ಸಾಕು ಎಂಬ ತಿಳಿವಳಿಕೆ ಅದರೊಳಗಿದೆ. ಜೂನ್ ಹೇಳಿಕೆಯಲ್ಲಿ ತೆರೆಯಿತೆಂದ ಕಣ್ಣು ಈ ಕಾಗದದಲ್ಲಿ ಎಲ್ಲೂ ಕಾಣುವುದಿಲ್ಲ.

2022ರ ಆರಂಭದಲ್ಲಿ ಎರಡೂ ಮೊಕದ್ದಮೆಗಳು ರಾಜಿಯಲ್ಲಿ ಮುಗಿದವು, ಷರತ್ತುಗಳು ಹೊರಬರಲಿಲ್ಲ. ರಾಜಿಯಾದ್ದರಿಂದ ಇಬ್ಬರಿಗೂ ನ್ಯಾಯ ಸಿಕ್ಕಿತು ಎಂದು ಬರೆಯುವುದು ಸುಲಭ, ಅದಕ್ಕೆ ಆಧಾರವಿಲ್ಲ. ದೊಡ್ಡ ಬ್ಯಾಂಡೊಂದು ಬದುಕಿರುವ ಗಾಯಕಿಯ ಹೆಸರನ್ನು ಹೊತ್ತು ಆಕೆಯನ್ನು ಮರೆಯಾಗಿಸಿದರೆ ಅದು ಹಾನಿಯೇ ಅಲ್ಲವೇ ಎಂಬ ಪ್ರಶ್ನೆಗೆ ಯಾವ ನ್ಯಾಯಾಧೀಶರೂ ಉತ್ತರ ಬರೆಯಲಿಲ್ಲ. ಮುಂದಿನ ಸಲ ಇಂಥದ್ದೇ ಜಗಳ ಎದ್ದಾಗ ಚಿಕ್ಕ ಗಾಯಕರ ವಕೀಲರಿಗೆ ತೋರಿಸಲು ಈ ಮೊಕದ್ದಮೆಯಿಂದ ಒಂದು ಸಾಲಿನ ತೀರ್ಪೂ ಇಲ್ಲ.