ಮುಷ್ಟಿ ಬಿಗಿದರೆ ಸಾಕೆ?

ಸ್ಪೈನಾ ಬೈಫಿಡಾ ಇರುವ ಮಗುವನ್ನು ಕಂಡವರು ಮೊದಲು ಕೇಳುವುದು ‘ನಡೀತಾನಾ?’ ಎಂದು. ಕೈಗಳ ಬಗ್ಗೆ ವಿಚಾರಿಸುವವರು ಅಪರೂಪ. ಆದ್ದರಿಂದಲೇ ಈ ಮಕ್ಕಳ ಮುಷ್ಟಿಯ ಬಲವನ್ನು ಅಳೆದು, ಓರಗೆಯ ಮಕ್ಕಳೊಂದಿಗೆ ಹೋಲಿಸುವ ಪದ್ಧತಿ ನನಗೆ ಮುಖ್ಯವೆನಿಸುತ್ತದೆ. ಕಾಲಿನ ಮೇಲಷ್ಟೇ ನೆಟ್ಟಿದ್ದ ಕಣ್ಣನ್ನು ಅದು ಕೈಯತ್ತ ತಿರುಗಿಸುತ್ತದೆ.

ತಿರುಗಬೇಕಾದ್ದೂ ಹೌದು. ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳಬೇಕಾದ ನರಕೊಳವೆ ತೆರೆದೇ ಉಳಿದಾಗ ಆಗುವ ತೊಂದರೆ ಇದು. ಗಾಯ ಹೆಚ್ಚಾಗಿ ಸೊಂಟದ ಬಳಿ. ಕೈಯ ನರಗಳು ಹೊರಡುವುದು ಕತ್ತಿನಿಂದ. ಹಾಗಾಗಿ ಕೈಗೇನೂ ಆಗಿರಲಾರದು ಎಂದು ತೋರುತ್ತದೆ. ಆದರೆ ಇದರ ತೀವ್ರ ರೂಪದಲ್ಲಿ ಕಿರುಮಿದುಳಿನ ಭಾಗ ಕತ್ತಿನೊಳಕ್ಕೆ ಜಾರಿರುವುದುಂಟು, ಮಿದುಳಿನಲ್ಲಿ ನೀರು ತುಂಬುವುದುಂಟು. ಅದರ ಪರಿಣಾಮ ಬೆರಳುಗಳವರೆಗೂ ಬರುತ್ತದೆ. ಗಾಲಿಕುರ್ಚಿ ತಳ್ಳಿ ತೋಳು ಗಟ್ಟಿಯಾಗಿದ್ದರೂ ಮುಷ್ಟಿ ಓರಗೆಯವರಷ್ಟು ಬಿಗಿಯದಿರಬಹುದು.

ಅಳೆಯುವ ಕ್ರಮ ಸರಳ. 1950ರ ದಶಕದಿಂದ ಬಳಕೆಯಲ್ಲಿರುವ ಜಮಾರ್ ಡೈನಮೋಮೀಟರಿನ ಹಿಡಿಯನ್ನು ಐದು ಅಳತೆಗೆ ಹೊಂದಿಸಬಹುದು. ಮಗು ಕುರ್ಚಿಯಲ್ಲಿ ಕೂತು, ತೋಳನ್ನು ಮೈಗೆ ತಾಗಿಸಿ, ಮೊಣಕೈಯನ್ನು 90 ಡಿಗ್ರಿ ಮಡಿಸಿ, ತುಟಿ ಕಚ್ಚಿಕೊಂಡು ಹಿಸುಕುತ್ತದೆ. ಕೈ ಸಡಿಲಿಸಿದ ಮೇಲೂ ಒಂದು ಮುಳ್ಳು ತಾನು ಮುಟ್ಟಿದ ಗರಿಷ್ಠ ಅಂಕಿಯಲ್ಲೇ ನಿಂತಿರುತ್ತದೆ. ಮೂರು ಸಲ ಹೀಗೆ, ಆಮೇಲೆ ಸರಾಸರಿ.

ನನ್ನ ತಕರಾರು ಇರುವುದು ಆ ನಿಂತ ಮುಳ್ಳಿನ ಬಗ್ಗೆ. ಸೊಂಟದಲ್ಲಿ ಕಸುವಿಲ್ಲದ, ಪಾದ ನೆಲಕ್ಕೆ ಎಟುಕದ ಮಗುವಿನ ಬಲದಲ್ಲಿ ಒಂದು ಪಾಲು ಬೀಳದಂತೆ ಕೂರುವುದಕ್ಕೇ ಖರ್ಚಾಗುತ್ತದೆ. ಆಗ ಅಂಕಿ ಕೈಯದೋ ಕುರ್ಚಿಯದೋ? ಹೋಲಿಕೆಗೆ ಬಳಸುವ ಹೆಸರಾಂತ ಪಟ್ಟಿಯೊಂದು 1986ರದು. 6ರಿಂದ 19 ವರ್ಷದ ಅಮೆರಿಕದ ಮಕ್ಕಳನ್ನು ಅಳೆದು ಮಾಡಿದ್ದು. ಮೈಕಟ್ಟು ಬೇರೆಯಾದ ನಮ್ಮ ಮಕ್ಕಳನ್ನು ಅದರ ಪಕ್ಕ ನಿಲ್ಲಿಸಿ ‘ಕಡಿಮೆ’ ಎಂದು ಬರೆಯುವುದು ದುಡುಕು. ರಬ್ಬರ್ ಚೆಂಡನ್ನು ಹಿಸುಕಿಸುವ ಉಪಕರಣವೂ ಇದೆ, ಎಳೆಯ ಕೈಗೆ ಹಿತ. ಆದರೆ ಈ ಮಕ್ಕಳಲ್ಲಿ ಲೇಟೆಕ್ಸ್ ಅಲರ್ಜಿ ಹೆಚ್ಚು. ರಬ್ಬರ್ ಯಾವುದೆಂದು ನೋಡದೆ ಕೈಗೆ ಕೊಡಬಾರದು.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ. ಬಲವೇ ಬೇರೆ, ಕೈಚಳಕವೇ ಬೇರೆ. ಮುಳ್ಳನ್ನು ಚೆನ್ನಾಗಿ ಏರಿಸಿದ ಹುಡುಗಿಯೇ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡಬಹುದು, ನಾಲ್ಕು ಸಾಲು ಬರೆಯುವಷ್ಟರಲ್ಲಿ ಸೋಲಬಹುದು. ಮೂತ್ರಕೋಶ ತಾನಾಗಿ ಖಾಲಿಯಾಗದ ಮಕ್ಕಳು ದಿನಕ್ಕೆ ಹಲವು ಬಾರಿ ಸಣ್ಣ ನಳಿಕೆ ತೂರಿಸಿ ಖಾಲಿ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ್ದು ಹೆಬ್ಬೆರಳು, ತೋರುಬೆರಳುಗಳ ನಯವಾದ ಹಿಡಿತ. ಮುಷ್ಟಿಯ ಅಂಕಿ ಅದನ್ನು ಹೇಳಲಾರದು.

ಹಾಗೆಂದು ಉಪಕರಣವನ್ನು ಮೂಲೆಗಿಡಬೇಕಿಲ್ಲ. ಮಗುವನ್ನು ಅದರ ಹಿಂದಿನ ಅಂಕಿಗಳೊಂದಿಗೇ ಹೋಲಿಸಿದಾಗ ಈ ಪರೀಕ್ಷೆಯ ನಿಜವಾದ ಬೆಲೆ ತಿಳಿಯುತ್ತದೆ. ಬೆಳೆಯುವ ವಯಸ್ಸಿನಲ್ಲಿ ಏರಬೇಕಾದ ಹಿಡಿತ ಇಳಿಯತೊಡಗಿದರೆ, ತಲೆಯ ನೀರು ಇಳಿಸುವ ಶಂಟ್ ಕಟ್ಟಿಕೊಂಡಿರಬಹುದು, ಬೆನ್ನುಹುರಿಯೊಳಗೆ ದ್ರವ ತುಂಬುತ್ತಿರಬಹುದು. ಅಂಥ ಸೂಚನೆಯನ್ನು ಬೇಗ ಹಿಡಿದರೆ ಕೈಯನ್ನು ಉಳಿಸಿಕೊಳ್ಳುವ ಅವಕಾಶವಿರುತ್ತದೆ.

ಆದ್ದರಿಂದ ಕಡತದಲ್ಲಿ ಕಿಲೋ ಲೆಕ್ಕದ ಪಕ್ಕದಲ್ಲೇ ಇನ್ನೊಂದು ಸಾಲು ಇರಲಿ: ಗುಂಡಿ ತಾನೇ ಹಾಕಿಕೊಂಡಳೇ? ಶಾಲೆಯಲ್ಲಿ ನಳಿಕೆಯ ಕೆಲಸಕ್ಕೆ ಅಮ್ಮ ಇನ್ನೂ ಹೋಗಬೇಕೇ?